ಹಂಚಿನ ಕೆಂಪು, ಹುಂಜದ ಕೆಂಪು

ನದಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಹಂಚು ವಿಂಗಡಿಸುವ ಗುಮಾಸ್ತನಾಗಿದ್ದೆ. ಯುದ್ಧ ಶುರುವಾಗುವುದಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ಭಟ್ಟಿಯಿಂದ ಹೊರಬಂದ ಹಂಚನ್ನು ನೆರಳಿನಲ್ಲಿ ಹಿಡಿದು ಬಣ್ಣ ನೋಡಬೇಕು, ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳಬೇಕು, ಆಮೇಲೆ ಒಂದನೇ ನಂಬ್ರ, ಎರಡನೇ ನಂಬ್ರ, ಮೂರನೇ ನಂಬ್ರ ಎಂದು ಕೂಗಬೇಕು. ನಾನು ಕೂಗಿದ ಹಾಗೆ ಆಳುಗಳು ಬೇರೆಬೇರೆ ಅಟ್ಟಿ ಪೇರಿಸುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಂಪನ್ನೇ ನೋಡಿ ನೋಡಿ, ಲೋಕದಲ್ಲಿ ಬೇರೆ ಬಣ್ಣಗಳೂ ಇವೆಯೆಂಬುದು ನನಗೆ ಮರೆತುಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಹಬ್ಬದ ಸೀರೆ ಉಟ್ಟು ಎದುರು ಬಂದು ನಿಂತು ಹೇಗಿದೆ ಎಂದು ಕೇಳಿದಾಗ, ನಾನು ಅದನ್ನು ಚೆನ್ನಾಗಿ ನೋಡಿ, “ಸ್ವಲ್ಪ ಹೆಚ್ಚು ಬೆಂದಿದೆ” ಎಂದಿದ್ದೆ. ಅವಳು ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಇಂಥ ನನ್ನನ್ನು ಕೋಳಿಗಳ ನ್ಯಾಯಾಧೀಶನನ್ನಾಗಿ ಮಾಡಿದವರು ಕಾರ್ಖಾನೆಯ ದೊರೆಯ ಹೆಂಡತಿ.

ದೊರೆಸಾನಿಗೆ ಮಕ್ಕಳಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ಎಲ್ಲಿಂದಲೋ ಹಡಗಿನಲ್ಲಿ ಹೊಟ್ಟಿನ ನಡುವೆ ಹುದುಗಿಸಿದ ಮೊಟ್ಟೆ ತರಿಸಿ, ಊರಿನ ಹೇಂಟೆಯ ಕೆಳಗೆ ಕಾವಿಗೆ ಇಟ್ಟು, ಒಂದು ಅಪರೂಪದ ತಳಿಯ ಕೋಳಿಗಳನ್ನು ಸಾಕಿದ್ದರು. ಅದರ ಹೆಸರು ಮೂರು ತುಂಡಿನದ್ದು, ನಮ್ಮಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ಕೆಂಪಾಗಿದ್ದುದರಿಂದ ಅವರ ಬಟ್ಲರ್ ಅದನ್ನು ಹಂಚುಕೋಳಿ ಎಂದು ಕರೆದ. ಊರಿಗೆಲ್ಲ ಅದೇ ಹೆಸರಾಯಿತು. ಅವರ ದೇಶದಲ್ಲೂ ಈ ತಳಿಯನ್ನು ಸಾಕುವವರು ಬೆರಳೆಣಿಕೆಯ ಮಂದಿಯಂತೆ. ತಳಿ ಉಳಿಯಬೇಕೆಂಬ ಆಸೆಯಿಂದ ದೊರೆಸಾನಿ ನಮ್ಮ ಊರಿನ ಇಬ್ಬರಿಗೆ ಮೊಟ್ಟೆ ಕೊಟ್ಟಿದ್ದರು. ಒಬ್ಬರು ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಸಾಹುಕಾರರು. ಇನ್ನೊಬ್ಬರು ಬಲ್ಮಠದಲ್ಲಿ ಮನೆಯಿದ್ದ, ಕೋರ್ಟಿನ ಕೆಲಸದಿಂದ ನಿವೃತ್ತರಾದ ಶಿರಸ್ತೇದಾರರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಬಲ್ಮಠದ ಒಂದು ಶಾಲೆಯ ಬಯಲಿನಲ್ಲಿ ಕೃಷಿ ಮತ್ತು ಕೈಗಾರಿಕೆಯ ಪ್ರದರ್ಶನವೆಂದು ನಿಶ್ಚಯವಾಯಿತು. ದೊರೆಸಾನಿ ಹಟ ಹಿಡಿದು ಅದರಲ್ಲಿ ಹಂಚುಕೋಳಿಗೆಂದೇ ಒಂದು ಸ್ಪರ್ಧೆ ಇಡಿಸಿದರು. ಒಂದನೇ ಬಹುಮಾನಕ್ಕೆ ಬೆಳ್ಳಿಯ ಕಪ್, ಎರಡನೆಯದಕ್ಕೆ ತಟ್ಟೆ, ಮೂರನೆಯದಕ್ಕೆ ಪದಕ. ಆದರೆ ಸ್ಪರ್ಧೆಗೆ ಕೋಳಿ ತರುವವರು ತೀರ್ಪು ಕೊಡುವಂತಿಲ್ಲ ಎಂಬ ನಿಯಮವಿತ್ತು. ಆ ಕೋಳಿಯ ಗುಣಾವಗುಣ ಬಲ್ಲವರೋ ಜಿಲ್ಲೆಯಲ್ಲಿ ಅವರೊಬ್ಬರೇ. ಆಗ ದೊರೆ, ಪತ್ರಿಕೆಯಿಂದ ತಲೆ ಎತ್ತದೆ, ನಮ್ಮ ವಿಂಗಡಣೆಯ ಗುಮಾಸ್ತನಿಗಿಂತ ಚೆನ್ನಾಗಿ ಕೆಂಪು ಬಲ್ಲವನು ಈ ಕರಾವಳಿಯಲ್ಲೇ ಇಲ್ಲ ಎಂದುಬಿಟ್ಟರಂತೆ.

ನನ್ನನ್ನು ಬಂಗಲೆಗೆ ಕರೆಸಿದರು. ದೊರೆಸಾನಿ ಕನ್ನಡವನ್ನು ಮುನ್ಷಿಯಿಂದ ವ್ಯಾಕರಣಸಮೇತ ಕಲಿತವರು. ಅವರ ಬಾಯಲ್ಲಿ ನಮ್ಮ ಭಾಷೆ ಕೇಳಿದರೆ ನಮಗೇ ಎದ್ದು ನಿಲ್ಲಬೇಕು ಅನಿಸುತ್ತಿತ್ತು.

“ಗುಮಾಸ್ತರೇ, ನೀವು ಕೆಂಪು ವರ್ಣವನ್ನು ಬಲ್ಲವರೆಂದು ನನ್ನ ಯಜಮಾನರು ಹೇಳುತ್ತಾರೆ. ಇದು ಸತ್ಯವೋ?”

“ಹಂಚಿನ ಕೆಂಪು ಗೊತ್ತುಂಟು ಅಮ್ಮಾ. ಕೋಳಿದು ಗೊತ್ತಿಲ್ಲ.”

“ಕೆಂಪು ಕೆಂಪೇ ಆಗಿರುತ್ತದೆ,” ಎಂದರು ಅವರು.

ಆಮೇಲೆ ಒಂದು ದಪ್ಪ ಪುಸ್ತಕ ತೆರೆದು, ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದರು. “ವರ್ಣವು ಆಳವಾಗಿಯೂ ಸಮವಾಗಿಯೂ ಹೊಳಪುಳ್ಳದ್ದಾಗಿಯೂ ಇರತಕ್ಕದ್ದು. ಮಸಿಯ ಕಲೆ ಎಲ್ಲಿಯೂ ಇರಕೂಡದು. ರೆಕ್ಕೆಯನ್ನು ಬಿಡಿಸಿ ನೋಡಿದಾಗ ಒಳಗಣ ಕೆಂಪೂ ಹೊರಗಣ ಕೆಂಪೂ ಒಂದೇ ಕುಟುಂಬದವುಗಳಾಗಿ ತೋರಬೇಕು.”

ಕೇಳುತ್ತ ಕೇಳುತ್ತ ನನಗೆ ಧೈರ್ಯ ಬಂತು. ಇದು ನಮ್ಮ ಅಂಗಳದ ಮಾತೇ ಅಲ್ಲವೇ? ಸಮವಾಗಿ ಬೆಂದಿರಬೇಕು, ಹೊಗೆಯ ಮಸಿ ಹಿಡಿದಿರಬಾರದು, ಮುರಿದು ನೋಡಿದರೆ ಒಳಗೂ ಹೊರಗೂ ಒಂದೇ ಬಣ್ಣವಿರಬೇಕು. ಜುಟ್ಟು, ಕಾಲು, ಕಣ್ಣು ಇವುಗಳ ಲಕ್ಷಣವನ್ನೂ ಅವರು ವಿವರಿಸಿದರು. ಬಟ್ಲರ್ ಒಂದು ಹುಂಜವನ್ನು ತಂದು ನನ್ನ ಕೈಗಿತ್ತ. ನಾನು ಅದನ್ನು ಜಗಲಿಯ ನೆರಳಿಗೆ ಒಯ್ದೆ. ಎಡಗೈಯಲ್ಲಿ ಹಿಡಿದು, ಓರೆ ಮಾಡಿ ನೋಡಿ, ಬಲಗೈಯ ಗೆಣ್ಣಿನಿಂದ ಅದರ ಎದೆಗೆ ಎರಡು ಸಲ ಬಡಿದೆ. ಬೇಕೆಂದು ಬಡಿದದ್ದಲ್ಲ, ಕೈಗೆ ರೂಢಿ. ಹುಂಜ ಒಮ್ಮೆ ದಂಗಾಗಿ, ಆಮೇಲೆ ಬಂಗಲೆ ಹಾರಿಹೋಗುವಂತೆ ಕೂಗಿತು.

ದೊರೆಸಾನಿಯ ಮುಖ ಅರಳಿತು. “ಪುಸ್ತಕದಲ್ಲಿ ಇದು ಇಲ್ಲ! ಇದರಿಂದ ಏನು ತಿಳಿಯುತ್ತದೆ?”

“ಒಳಗೆ ಬಿರುಕು ಇದೆಯೋ ಇಲ್ಲವೋ ತಿಳೀತದೆ ಅಮ್ಮಾ,” ಎಂದೆ.

ಅವರು ಪೆನ್ಸಿಲ್ ತೆಗೆದು ಪುಸ್ತಕದ ಅಂಚಿನಲ್ಲಿ ಅದನ್ನು ಬರೆದುಕೊಂಡರು.

ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ಈ ಸುದ್ದಿಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಮಾವ. ನನ್ನ ತಾಯಿಯ ಅಣ್ಣ, ಹೆಂಡತಿಯ ತಂದೆ, ಹಾಗಾಗಿ ನನಗೆ ಎರಡು ಕಡೆಯಿಂದಲೂ ಮಾವ. ಗದ್ದೆ, ಮನೆ ಕಾವೂರಿನಲ್ಲಿದ್ದರೂ ವಾರದಲ್ಲಿ ಅರ್ಧ ನಮ್ಮಲ್ಲೇ ಇರುತ್ತಿದ್ದರು. ಕೋಳಿ ಅಂಕವೆಂದರೆ ಪ್ರಾಣ ಬಿಡುವ ಮನುಷ್ಯ. ಅವರ ಕಾಳಗದ ಹುಂಜವೊಂದು ನಮ್ಮ ಜಗಲಿಯ ಮೂಲೆಯಲ್ಲಿ ಬುಟ್ಟಿಯ ಕೆಳಗೆ ಕೂತು ನಮ್ಮೆಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು.

“ಎಂತ ಮಾರಾಯ, ನಿನಗೆ ಕೋಳಿಯ ಬಣ್ಣ ಗೊತ್ತುಂಟಾ?” ಎಂದು ಕೇಳಿದರು.

“ಕೆಂಪು ಮಾತ್ರ ನೋಡಿದರೆ ಸಾಕಂತೆ ಮಾವ.”

“ಕೆಂಪು ಮಾತ್ರವಾ? ಯಾವ ವಾರ?”

“ವಾರ ಎಂತಕ್ಕೆ?”

ಮಾವ ಒಳಗಿದ್ದ ಮಗಳ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. ಅಂಕದವರ ಲೆಕ್ಕವೇ ಬೇರೆ. ಬಿಳಿಯದು ಬೊಳ್ಳೆ, ಕಾಗೆಯಂತೆ ಕರಿಯದು ಕಕ್ಕೆ, ಕೆಂಪಿನದ್ದು ಕೆಮ್ಮೈರೆ. ಇಂಥ ವಾರ, ಇಂಥ ಹೊತ್ತಿನಲ್ಲಿ ಇಂಥ ಬಣ್ಣಕ್ಕೆ ಜಯ ಎಂದು ಅವರು ಪಂಚಾಂಗ ನೋಡಿ ಹೇಳುವವರು. “ಬಣ್ಣ ಅಂದರೆ ಕೋಳಿಯ ಮೈಯಲ್ಲಿ ಇರುವುದಲ್ಲ ಅಳಿಯ. ದಿನದಲ್ಲಿ ಇರುವುದು. ಬುಧವಾರದ ಕೆಂಪು ಬೇರೆ, ಭಾನುವಾರದ ಕೆಂಪು ಬೇರೆ. ನಿನ್ನ ದೊರೆಸಾನಿಯ ಪುಸ್ತಕದಲ್ಲಿ ವಾರ ಉಂಟಾ?”

“ಇಲ್ಲ.”

“ಮತ್ತೆ ಅದು ಎಂತ ಪುಸ್ತಕ!”

ಬಹುಮಾನ ಎಂತದ್ದು ಎಂದು ಕೇಳಿದರು. ಒಂದನೆಯದಕ್ಕೆ ಕಪ್ ಎಂದೆ. ಅವರು ಅದನ್ನು ಬಣ್ಣವೆಂದು ತಿಳಿದು, “ಕೆಂಪಿಗೆ ಕಪ್ಪು ಕೊಡುವುದು ಎಂತ ನ್ಯಾಯ?” ಎಂದರು. ಹೆಂಡತಿ ಒಳಗೆ ಒಲೆಯ ಮುಂದೆ ಕೂತು ನಕ್ಕದ್ದು ನನಗೆ ಕೇಳಿಸಿತು.

ಅಲ್ಲಿಂದ ಮುಂದೆ ನಮ್ಮ ಮನೆಗೆ ಶಾಂತಿ ಇರಲಿಲ್ಲ. ಗುಮಾಸ್ತರು ಕೋಳಿಯ ಎದೆ ಬಡಿದು ಗುಣ ಹೇಳುತ್ತಾರಂತೆ ಎಂಬ ಮಾತು ಬಟ್ಲರನ ಬಾಯಿಂದ ಹೊರಟು ಊರೆಲ್ಲ ಹಬ್ಬಿತು. ಸ್ಪರ್ಧೆಗೂ ತಮಗೂ ಸಂಬಂಧವಿಲ್ಲದವರು, ಹಂಚುಕೋಳಿಯನ್ನು ಕಣ್ಣಿಂದ ನೋಡದವರು ಕೂಡ ತಮ್ಮ ತಮ್ಮ ಹೇಂಟೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ನಾನು ಬಚ್ಚಲಿನಿಂದ ಒದ್ದೆ ಬೈರಾಸು ಸುತ್ತಿಕೊಂಡು ಹೊರಬಂದರೆ ಅಂಗಳದಲ್ಲಿ ನಾಲ್ಕು ಮಂದಿ, ನಾಲ್ಕು ಕೋಳಿ. ಬಡಿಯದೆ ಕಳಿಸಿದರೆ ಸಿಟ್ಟಾಗುತ್ತಿದ್ದರು. ಬಡಿದು “ಚೆನ್ನಾಗಿದೆ” ಎಂದರೆ, “ಎಷ್ಟನೇ ನಂಬ್ರ ಹೇಳಿ” ಎನ್ನುತ್ತಿದ್ದರು. ಮಾವ ಜಗಲಿಯಲ್ಲಿ ಪಂಚಾಂಗ ಬಿಡಿಸಿಕೊಂಡು ಕೂತು ನನ್ನ ತೀರ್ಪಿನ ಮೇಲೆ ಅಪೀಲು ವಿಚಾರಿಸತೊಡಗಿದರು. ನಾನು ಎರಡನೇ ನಂಬ್ರ ಎಂದ ಹೇಂಟೆಯನ್ನು ಅವರು, “ಮಂಗಳವಾರ ಬೆಳಿಗ್ಗೆ ಮಾತ್ರ ಒಂದನೇ ನಂಬ್ರ” ಎಂದು ತಿದ್ದಿ ಕಳಿಸುತ್ತಿದ್ದರು. ಜನರಿಗೆ ಮಾವನ ತೀರ್ಪೇ ಹೆಚ್ಚು ಹಿಡಿಸಿತು.

“ಅಂಗಳ ಗುಡಿಸಿ ಗುಡಿಸಿ ಸಾಕಾಯ್ತು,” ಎಂದಳು ಹೆಂಡತಿ. “ನ್ಯಾಯ ಕೊಡುವವರು ಇಬ್ಬರಿದ್ದೀರಿ. ಹಿಕ್ಕೆ ತೆಗೆಯುವವಳು ನಾನು ಒಬ್ಬಳೇ.”

ಇಷ್ಟೆಲ್ಲ ಆಗುವಾಗ ನಿಜವಾದ ಸ್ಪರ್ಧಿಗಳ ಸಂಖ್ಯೆ ಕಡಿಮೆಯಾಗುತ್ತಿತ್ತು. ಪ್ರದರ್ಶನಕ್ಕೆ ವಾರವಿರುವಾಗ ಶಿರಸ್ತೇದಾರರ ಮನೆಗೆ ಹೋಗಿ ಅವರ ಹುಂಜವನ್ನು ನೋಡಿಬರುವಂತೆ ದೊರೆಸಾನಿ ಹೇಳಿದರು. ಶಿರಸ್ತೇದಾರರು ಆರಾಮಕುರ್ಚಿಯಲ್ಲಿ ಒರಗಿದ್ದರು.

“ಹುಂಜವಾ? ಅದು ಮೊನ್ನೆ ಖರ್ಚಾಯ್ತಲ್ಲ,” ಎಂದರು. “ಬೀಗರು ಬಂದಿದ್ದರು, ಬೇರೆ ಕೋಳಿ ಸಿಗಲಿಲ್ಲ. ರೊಟ್ಟಿಗೆ ಸಾರು ಮಾಡಿಸಿದೆ.” ಆಮೇಲೆ ಸಮಾಧಾನ ಹೇಳುವವರಂತೆ, “ಬಣ್ಣದ ವಿಷಯದಲ್ಲಿ ನೀವು ಚಿಂತೆ ಮಾಡಬೇಡಿ. ಸಾರಿಗೆ ಒಳ್ಳೆ ಬಣ್ಣ ಬಂದಿತ್ತು,” ಎಂದರು.

ದೊರೆಸಾನಿಗೆ ಇದನ್ನು ತಿಳಿಸಿದಾಗ ಅವರು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಪ್ರದರ್ಶನದ ದಿನ ಭಾನುವಾರ. ಬೆಳಗಿನಿಂದಲೇ ಸಮುದ್ರದ ಕಡೆಯಿಂದ ಮೋಡ ಮುಚ್ಚಿತ್ತು. ಒಂದು ಕಡೆ ಭತ್ತದ ತಳಿ, ಕುಂಬಳಕಾಯಿ, ಇನ್ನೊಂದು ಕಡೆ ಮಗ್ಗದ ಬಟ್ಟೆ, ನಮ್ಮದೇ ಕಾರ್ಖಾನೆಯ ಹಂಚು. ಕೋಳಿಯ ಚಪ್ಪರದಲ್ಲಿ ಎರಡೇ ಎರಡು ಪಂಜರ. ಒಂದರಲ್ಲಿ ದೊರೆಸಾನಿಯ ಹುಂಜ, ಕಾಲಿಗೆ ನೀಲಿ ರಿಬ್ಬನ್. ಇನ್ನೊಂದರಲ್ಲಿ ಬಂದರಿನ ಸಾಹುಕಾರರ ಹುಂಜ, ಕಾಲಿಗೆ ಹಸಿರು ದಾರ. ಮಾವ ತಮ್ಮ ಕಾಳಗದ ಹುಂಜವನ್ನು ಮನೆಯಲ್ಲಿ ಬಿಟ್ಟರೆ ಅದಕ್ಕೆ ಬೇಜಾರಾಗುತ್ತದೆಂದು ಕಂಕುಳಲ್ಲೇ ತಂದಿದ್ದರು.

ದೊರೆಸಾನಿಯ ಹುಂಜ ಒಳ್ಳೆಯದೇ, ಆದರೆ ಕುತ್ತಿಗೆಯ ಹತ್ತಿರ ಒಂಚೂರು ಹೆಚ್ಚು ಬೆಂದಂತಿತ್ತು. ಆಮೇಲೆ ಸಾಹುಕಾರರ ಪಂಜರದ ಮುಂದೆ ಬಂದು ನಿಂತೆ. ನಿಂತವನು ನಿಂತೇ ಉಳಿದೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಭಟ್ಟಿಯಿಂದ ಅಂಥ ಕೆಂಪು ಬಂದದ್ದು ಅಪರೂಪ. ತಲೆ, ಬೆನ್ನು, ಬಾಲ ಎಲ್ಲ ಒಂದೇ ಸಮ. ಎಲ್ಲೂ ಮಸಿಯಿಲ್ಲ, ಎಲ್ಲೂ ಮಾಸಿಲ್ಲ. ಬಾಯಿಗೆ ‘ಒಂದನೇ ನಂಬ್ರ’ ಬಂದೇ ಬಿಟ್ಟಿತ್ತು. ರೂಢಿಯಂತೆ ಎದೆಗೆ ಬಡಿದೆ. ಹುಂಜದ ಮೈಯಿಂದ ಕೆಂಪಗೆ ಧೂಳು ಎದ್ದಿತು.

ನಾನು ಬೆರಳನ್ನು ಮೂಗಿನ ಹತ್ತಿರ ಹಿಡಿದೆ. ಹಂಚಿನ ಪುಡಿ. ಅದೂ ನಮ್ಮ ಕಾರ್ಖಾನೆಯದೇ.

“ಸಾಹುಕಾರ್ರೇ, ಇದೆಂತದು?”

ಸಾಹುಕಾರರು ದೊಡ್ಡ ಮನುಷ್ಯ, ಸುಳ್ಳು ಹೇಳಿ ಗೊತ್ತಿಲ್ಲದವರು. ಅವರೂ ಬಗ್ಗಿ ನೋಡಿದರು. “ಗೋದಾಮಿನ ಹಿಂದೆ ಒಡೆದ ಹಂಚಿನ ರಾಶಿ ಉಂಟು ಗುಮಾಸ್ತ್ರೇ. ನೆಲಕ್ಕೆ ಹಾಕಲಿಕ್ಕೆ ಪುಡಿ ಮಾಡಿಸಿ ಇಟ್ಟದ್ದು. ಇದು ದಿನಾ ಮಧ್ಯಾಹ್ನ ಹೋಗಿ ಅದರಲ್ಲಿ ಹೊರಳ್ತದೆ.”

“ಹಾಗಾದರೆ ಇದು ಬಣ್ಣ ಹಾಕಿದ ಹಾಗೆ ಆಯ್ತಲ್ಲ!”

“ನಾನು ಹಾಕಿದ್ದಲ್ಲ. ಅದೇ ಹಾಕಿಕೊಂಡದ್ದು. ಕೋಳಿ ಸ್ನಾನ ಮಾಡಬಾರದು ಅಂತ ನಿಮ್ಮ ಪುಸ್ತಕದಲ್ಲಿ ಉಂಟಾ?”

ದೊರೆಸಾನಿ ಪುಸ್ತಕ ತೆರೆದು ಹುಡುಕಿದರು. ವರ್ಣವನ್ನು ಒಡೆಯನು ಬಳಿಯಕೂಡದು ಎಂದಿತ್ತು, ಕೋಳಿಯು ತಾನೇ ಬಳಿದುಕೊಂಡರೆ ಏನೆಂದು ಇರಲಿಲ್ಲ. ಸುತ್ತ ಜನ ಸೇರಿದರು. ಮನುಷ್ಯರು ಕುಂಕುಮ ಇಟ್ಟುಕೊಳ್ಳುವುದಿಲ್ಲವೇ ಎಂದು ಒಬ್ಬರು, ಕುಂಕುಮ ಬೇರೆ ಮೈಬಣ್ಣ ಬೇರೆ ಎಂದು ಇನ್ನೊಬ್ಬರು. ಕಡೆಗೆ ದೊರೆಸಾನಿಯೇ, “ಈ ಹುಂಜವು ತೊಳೆಯಲ್ಪಡಬೇಕು,” ಎಂದರು. ಸಾಹುಕಾರರು ಒಪ್ಪಿದರು. “ಆದರೆ ನನ್ನದು ಒಂದೇ ತೊಳೆದರೆ ಮರ್ಯಾದೆ ಅಲ್ಲ. ನಿಮ್ಮದನ್ನೂ ತೊಳೆಯುವ.”

“ನ್ಯಾಯವಾದ ಮಾತು,” ಎಂದು ದೊರೆಸಾನಿ ಅಂಗಿಯ ತೋಳು ಮೇಲಕ್ಕೆ ಮಡಚಿದರು.

ಶಾಲೆಯ ಬಾವಿಕಟ್ಟೆಯಲ್ಲಿ ಅಂಟುವಾಳದ ನೊರೆಯಲ್ಲಿ ಎರಡೂ ಹುಂಜಗಳನ್ನು ಮೀಯಿಸಿದೆವು. ರಿಬ್ಬನ್ನೂ ದಾರವೂ ಒದ್ದೆಯಾಗಬಾರದೆಂದು ಬಿಚ್ಚಿ ನನ್ನ ಜೇಬಿಗೆ ಹಾಕಿಕೊಂಡೆ. ನೀರು ಹೊಯ್ದು ಎತ್ತಿದಾಗ ಕೈಯಲ್ಲಿದ್ದದ್ದು ಎರಡು ಒದ್ದೆ ಬೈರಾಸುಗಳು. ಒದ್ದೆಯಾದ ಹಂಚುಗಳೆಲ್ಲ ಒಂದೇ ಬಣ್ಣವಾಗಿ ಕಾಣುವುದು ನನಗೆ ಗೊತ್ತಿತ್ತು. ಕೋಳಿಗೂ ಅದೇ ನಿಯಮವೆಂದು ಅಂದು ಗೊತ್ತಾಯಿತು. ಒಣಗದೆ ತೀರ್ಪು ಸಾಧ್ಯವಿರಲಿಲ್ಲ. ಬಿಸಿಲಿಲ್ಲ, ಗಾಳಿಯಿಲ್ಲ, ಸೆಖೆ ಮಾತ್ರ ಬೇಕಾದಷ್ಟಿತ್ತು. ಬಟ್ಲರ್ ಬೀಸಣಿಗೆ ಬೀಸಿದ, ಮಗ್ಗದ ಮಳಿಗೆಯವರು ಎರಡು ಪಂಚೆ ಕೊಟ್ಟರು. ಹುಂಜಗಳು ನಡುಗುತ್ತ ನಿಂತವು. ಮಧ್ಯಾಹ್ನದ ಮೇಲೆ ಜಿಲ್ಲೆಯ ದೊಡ್ಡ ಅಧಿಕಾರಿ ಬಂದು ಬಹುಮಾನ ಹಂಚುವವರಿದ್ದರು.

“ಹಂಚು ಒಣಗದಿದ್ದರೆ ನೀವು ಎಂತ ಮಾಡ್ತೀರಿ?” ಎಂದು ಮಾವ ಕೇಳಿದರು.

“ಭಟ್ಟಿಯ ಮೇಲಿನ ಅಟ್ಟದಲ್ಲಿ ಇಡ್ತೇವೆ.”

“ಮತ್ತೆ?”

ಎಲ್ಲರೂ ನನ್ನ ಮುಖ ನೋಡಿದರು. ಕಾರ್ಖಾನೆಗೆ ರಜೆಯಿದ್ದರೂ ಭಟ್ಟಿಗೆ ಭಾನುವಾರವಿಲ್ಲ, ಬೆಂಕಿ ಉರಿಯುತ್ತಲೇ ಇರುತ್ತದೆ. ಜಟಕಾ ತರಿಸಿದರು. ದೊರೆಸಾನಿ ಬಂದರೆ ಸಾಹುಕಾರರೂ ಬರಬೇಕು, ಸಾಹುಕಾರರು ಬಂದರೆ ದೊರೆಸಾನಿಯೂ ಬರಬೇಕು, ಇಬ್ಬರಿಗೂ ಜಟಕಾದಲ್ಲಿ ಜಾಗವಿಲ್ಲ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಚಪ್ಪರದಲ್ಲೇ ಕೂರುವುದೆಂದು ತೀರ್ಮಾನವಾಯಿತು. ನಾನು, ಮಾವ, ಎರಡು ಒದ್ದೆ ಹುಂಜ, ಒಂದು ಒಣ ಹುಂಜ ಹತ್ತಿ ಹೊರಟೆವು. ದಾರಿಯುದ್ದಕ್ಕೂ ಕಾಳಗದ ಹುಂಜ ಉಳಿದೆರಡನ್ನು ಕೊಲ್ಲಲು ಪ್ರಯತ್ನಿಸುತ್ತಿತ್ತು.

ಅಟ್ಟ ಹದವಾಗಿ ಬೆಚ್ಚಗಿತ್ತು. ಉದ್ದಕ್ಕೂ ಹಲಗೆಗಳ ಮೇಲೆ ಹಸಿ ಹಂಚುಗಳನ್ನು ಒಣಗಲು ಇಟ್ಟಿದ್ದರು. ನಾನು ಹುಂಜಗಳನ್ನು ಮೂಲೆಯ ಖಾಲಿ ನೆಲದಲ್ಲಿ ಬಿಟ್ಟು, ಮಾವನನ್ನು ಕಾವಲಿಗೆ ಕೂರಿಸಿ, ಭಟ್ಟಿಯ ಮೇಸ್ತ್ರಿಗೆ ಹೇಳಿ ಬರಲು ಕೆಳಗಿಳಿದೆ. ಭಾನುವಾರದ ದಿನ ಅಟ್ಟಕ್ಕೆ ಕೋಳಿ ಹತ್ತಿಸಿದ್ದೇಕೆಂದು ಅವನಿಗೆ ಅರ್ಥಮಾಡಿಸುವಷ್ಟರಲ್ಲಿ ಬಹಳ ಹೊತ್ತು ಹೋಯಿತು. ಹಿಂದೆ ಬಂದು ನೋಡಿದರೆ ಮಾವ ಕಾಳಗದ ಹುಂಜವನ್ನು ಕಂಕುಳಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಹುಂಜಗಳು ಬೆಚ್ಚಗಾಗಿ, ಹಸಿ ಹಂಚುಗಳ ಮೇಲೆ ಆ ತುದಿಯಿಂದ ಈ ತುದಿಯವರೆಗೆ ವಾಯುವಿಹಾರ ಮಾಡಿದ್ದವು. ಮೆತ್ತಗಿನ ಜೇಡಿಯಲ್ಲಿ ಹೆಜ್ಜೆ ಅಚ್ಚೊತ್ತಿದಂತೆ ಮೂಡಿತ್ತು. ಅಷ್ಟು ಸಾಲದೆಂದು, ಭಟ್ಟಿಯ ಬಾಯಿ ಮುಚ್ಚಲು ರಾಶಿ ಹಾಕಿದ್ದ ಹಂಚಿನ ಪುಡಿಯಲ್ಲಿ ಇಳಿದು, ಎರಡೂ ಕಣ್ಣು ಮುಚ್ಚಿ ಸುಖವಾಗಿ ಹೊರಳುತ್ತಿದ್ದವು.

ಎದ್ದು ನಿಂತಾಗ ಎರಡೂ ಒಣಗಿದ್ದವು. ಎರಡೂ ಅಚ್ಚ ಹಂಚಿನ ಕೆಂಪು. ಯಾವುದು ಯಾರದೆಂದು ನನಗೆ ತಿಳಿಯಲಿಲ್ಲ.

“ಮಾವ! ದೊರೆಸಾನಿಯದ್ದು ಯಾವುದು?”

ಮಾವ ಕಣ್ಣುಜ್ಜಿಕೊಂಡು ಎರಡನ್ನೂ ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. “ಇವತ್ತು ಭಾನುವಾರ ಅಲ್ವಾ? ಭಾನುವಾರ ಹಗಲು ಹೆಚ್ಚು ಬೆಂದ ಕೆಂಪಿನದ್ದು ಪೂರ್ವಕ್ಕೆ ಮುಖ ಮಾಡಿ ನಿಲ್ತದೆ. ಅದೇ ದೊರೆಸಾನಿದು. ಕೊಡು ರಿಬ್ಬನು.”

“ಸರಿಯಾಗಿ ಗೊತ್ತುಂಟಾ?”

“ನಿನಗೆ ಇದಕ್ಕಿಂತ ಸರಿಯಾದದ್ದು ಗೊತ್ತುಂಟಾ?”

ರಿಬ್ಬನ್ ಕೊಟ್ಟೆ.

ನಾವು ಚಪ್ಪರಕ್ಕೆ ಮುಟ್ಟುವಾಗ ದೊಡ್ಡ ಅಧಿಕಾರಿ ಕುಂಬಳಕಾಯಿಗಳನ್ನು ಮುಗಿಸಿ ನಮ್ಮ ಕಡೆ ಬರುತ್ತಿದ್ದರು. ಮತ್ತೆ ತೊಳೆಯುವ ಮಾತೇ ಇಲ್ಲ. ದೊರೆಸಾನಿ ಎರಡೂ ಹುಂಜಗಳನ್ನು ನೋಡಿ ಪುಸ್ತಕ ಮುಚ್ಚಿದರು. ಸಾಹುಕಾರರು ನನ್ನ ಕಿವಿಯ ಹತ್ತಿರ ಬಂದು, “ನನ್ನದು ಹೊರಳಿದರೆ ತಪ್ಪು, ದೊರೆಸಾನಿದು ಹೊರಳಿದರೆ?” ಎಂದರು. ಅಧಿಕಾರಿ ನನ್ನ ತೀರ್ಪೇನೆಂದು ಕೇಳಿದರು. ಹಂಚಿನ ಅಂಗಳದಲ್ಲಿ ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದೆ: “ಎರಡೂ ಒಂದೇ ಅಟ್ಟಿಗೆ ಹೋಗತಕ್ಕವು.”

“ಆದರೆ ಕಪ್ ಒಂದೇ ಉಂಟಲ್ಲ?” ಎಂದರು ಅಧಿಕಾರಿ. ಅವರಿಗೆ ಮುಂದೆ ಬೇರೆ ಕಾರ್ಯಕ್ರಮವಿತ್ತು. “ಬಡಿದು ನೋಡುವ ಪದ್ಧತಿ ಉಂಟೆಂದು ಕೇಳಿದ್ದೇನೆ. ಎಲ್ಲಿ?” ಎಂದು, ಕೋಲಿನ ತುದಿಯಿಂದ ಹಸಿರು ದಾರದ ಹುಂಜದ ಎದೆಗೆ ಮೆಲ್ಲಗೆ ತಟ್ಟಿದರು. ಭಟ್ಟಿಯ ಬಿಸಿ ಇನ್ನೂ ಇಳಿಯದ ಅದು ಕಣ್ಣು ಮುಚ್ಚಿ ತೂಕಡಿಸಿತು. ನೀಲಿ ರಿಬ್ಬನಿನದಕ್ಕೆ ತಟ್ಟಿದರು. ಅದು ಕತ್ತು ಎತ್ತಿ ಚಪ್ಪರ ಕಿತ್ತುಹೋಗುವಂತೆ ಕೂಗಿತು. ಜನ ಚಪ್ಪಾಳೆ ತಟ್ಟಿದರು. ಕಪ್ ದೊರೆಸಾನಿಯ ಕೈಗೆ ಹೋಯಿತು, ತಟ್ಟೆ ಸಾಹುಕಾರರ ಕೈಗೆ.

ಪದಕ ಉಳಿಯಿತು. ಮೂರನೆಯ ಸ್ಪರ್ಧಿಯನ್ನು ಬೀಗರು ಉಂಡಾಗಿತ್ತು. ಅಧಿಕಾರಿ ಸುತ್ತ ನೋಡಿದಾಗ ಕೆಂಪಗೆ ಕಂಡದ್ದು ಮಾವನ ಕಂಕುಳಲ್ಲಿದ್ದ ಕಾಳಗದ ಹುಂಜ. “ಇದೂ ಒಳ್ಳೆ ಕೆಂಪೇ,” ಎಂದು ಪದಕವನ್ನು ಅದರ ಕೊರಳಿಗೆ ಹಾಕಿಬಿಟ್ಟರು. ಅದು ಅವರ ಬೆರಳನ್ನು ಕುಕ್ಕಿತು.

ಮನೆಗೆ ಬಂದ ಮೇಲೆ ಮಾವನ ಮುಖ ಸಪ್ಪಗಿತ್ತು. “ಮೂರನೇದಂತೆ. ಅಂಕದಲ್ಲಿ ಗೆದ್ದದ್ದು ಒಂದು, ಸಾರಾದದ್ದು ಒಂದು. ಮೂರನೇದು ಅಂದರೆ ಎಂತದು ಮಾರಾಯ?”

“ಸಾರಾಗದೆ ಉಳಿದದ್ದು,” ಎಂದಳು ಹೆಂಡತಿ.

ಸ್ವಲ್ಪ ದಿನ ಕಳೆಯುವಷ್ಟರಲ್ಲಿ ದೊರೆಸಾನಿಯ ಬಂಗಲೆಯ ಹುಂಜದಿಂದ ಪುಡಿ ಉದುರಿತು. ಕೆಳಗೆ ಕಂಡದ್ದು ಅರೆಬೆಂದ, ತೆಳು ಕೆಂಪು. ಕುತ್ತಿಗೆಯಲ್ಲಿ ಗಾಢವಾಗಿರಲಿಲ್ಲ. ದೊರೆಸಾನಿ ನನ್ನನ್ನು ಕರೆಸಿದರು. “ಇದು ನನ್ನ ಹುಂಜವಲ್ಲ. ಸಾಹುಕಾರರದ್ದಾಗಿದೆ. ಆದಕಾರಣ ಕಪ್ ಕೂಡ ಅವರದ್ದೇ. ನೀವು ಇವೆರಡನ್ನೂ ಒಯ್ದು ಕೊಡತಕ್ಕದ್ದು.”

ಬಂದರಿಗೆ ಹೋದೆ. ಸಾಹುಕಾರರು ಹುಂಜವನ್ನು ಸಂತೋಷದಿಂದ ತೆಗೆದುಕೊಂಡು ದೊರೆಸಾನಿಯದನ್ನು ಕೊಟ್ಟರು. ಕಪ್ ಮಾತ್ರ ಮುಟ್ಟಲಿಲ್ಲ. “ಸಾಹೇಬರು ನೀಲಿ ರಿಬ್ಬನಿಗೆ ಕೊಟ್ಟದ್ದು. ರಿಬ್ಬನ್ ನನ್ನದಲ್ಲ. ನನ್ನದಲ್ಲದ್ದು ನನಗೆ ಬೇಡ ಗುಮಾಸ್ತ್ರೇ.” ಬಂಗಲೆಗೆ ಹಿಂದೆ ಬಂದರೆ ದೊರೆಸಾನಿ, “ಕೂಗಿದ್ದು ಹುಂಜವೇ ಹೊರತು ರಿಬ್ಬನ್ ಅಲ್ಲ,” ಎಂದು ಕಪ್ಪನ್ನು ತಿರುಗಿ ನನ್ನ ಕೈಗೇ ಕೊಟ್ಟರು. ಇಬ್ಬರೂ ಮರ್ಯಾದಸ್ಥರು. ಇಬ್ಬರ ಮರ್ಯಾದೆಯ ನಡುವೆ ನಾನು ಕಪ್ ಹೊತ್ತು ಬಂದರಿಗೂ ಬಂಗಲೆಗೂ ಅಲೆದೆ. ಕೊನೆಗೆ ಅದು ನಮ್ಮ ಮನೆಯಲ್ಲೇ ಉಳಿಯಿತು. ಹೆಂಡತಿ ಅದರಲ್ಲಿ ಉಪ್ಪು ಹಾಕಿಟ್ಟಳು. ಉಪ್ಪಿಗೆ ಬೆಳ್ಳಿ ಕರ್ರಗಾಗುವುದನ್ನು ಕಂಡ ಮಾವ, “ನಾನು ಆಗಲೇ ಹೇಳಲಿಲ್ಲವಾ, ಕಪ್ಪು ಅಂತ?” ಎಂದರು.

ಆಮೇಲೊಂದು ದಿನ ದೊರೆಸಾನಿ ತಾವೇ ಜಟಕಾ ಮಾಡಿಸಿಕೊಂಡು ಸಾಹುಕಾರರ ಮನೆಗೆ ಹೋದರಂತೆ. ಒಳಮನೆಯಲ್ಲಿ ಹೆಂಗಸರ ಜೊತೆ ಕೂತು ಚಾ ಕುಡಿದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಮರುದಿನ ಸಾಹುಕಾರರ ಆಳು ಬಂದು ಕಪ್ ಕೇಳಿ ಒಯ್ದ. ಹೆಂಡತಿ ಉಪ್ಪನ್ನು ಮಡಕೆಗೆ ಹಾಕಿ, ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಕೊಟ್ಟಳು. ಮುಂದೆ ಅದನ್ನು ಒಮ್ಮೆ ಬಂಗಲೆಯ ಕಿಟಕಿಯಲ್ಲಿ ಹೂವಿನ ಸಮೇತ ಕಂಡೆ, ಇನ್ನೊಮ್ಮೆ ಸಾಹುಕಾರರ ಅಂಗಡಿಯಲ್ಲಿ ಕಂಡೆ. ಯಾವ ಒಪ್ಪಂದದ ಮೇಲೆ ಅದು ಓಡಾಡುತ್ತಿತ್ತೆಂದು ಕೇಳುವ ಧೈರ್ಯವಾಗಲಿಲ್ಲ. ಕೇಳಿದರೆ ಎಲ್ಲಿ ತೀರ್ಪು ಕೊಡು ಎನ್ನುತ್ತಾರೋ ಎಂಬ ಭಯ.

ಅಟ್ಟದಲ್ಲಿ ಹುಂಜಗಳು ತುಳಿದ ಹಂಚುಗಳು ಆ ವೇಳೆಗೆ ಬೆಂದು ಹೊರಬಂದವು. ಬಣ್ಣ ಚೆಂದ, ಸದ್ದು ಖಣಖಣ, ಬೆನ್ನ ಮೇಲೆ ಮಾತ್ರ ಕೋಳಿ ಹೆಜ್ಜೆ. ನನಗೆ ಯಾವ ನಂಬ್ರವೆಂದು ಕೂಗಲು ಬಾಯಿ ಬರದೆ ದೊರೆಯನ್ನು ಕರೆದೆ. ಅವರು ಒಂದನ್ನು ಎತ್ತಿ, ತಿರುಗಿಸಿ ನೋಡಿ, “ನೀರು ಸೋರುತ್ತದೆಯೇ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಒಂದನೇ ನಂಬ್ರ,” ಎಂದು ಹೊರಟುಹೋದರು. ಆ ಹಂಚು ಯಾವ ಊರಿನ ಯಾರ ಮಾಡಿಗೆ ಹೋಯಿತೋ. ಹಂಚು ಸರಿಮಾಡಲು ಮಾಡು ಹತ್ತಿದವರು ಯಾವ ಕೋಳಿ ಇಷ್ಟು ಎತ್ತರಕ್ಕೆ ಬಂತೆಂದು ತಲೆ ಕೆರೆದುಕೊಂಡಿರಬೇಕು.

ಮಾವ ಮಾತ್ರ ಪದಕದಿಂದ ಬಹಳ ಕಷ್ಟಪಟ್ಟರು. ಅಂಕದ ಕಾಲ ಬಂದಾಗ ಹುಂಜವನ್ನು ಪದಕದ ಸಮೇತ ಕಾವೂರಿನ ಕಡೆಯ ಅಂಕಕ್ಕೆ ಒಯ್ದರು. ಅದರ ಎದುರು ಯಾರೂ ಕೋಳಿ ಬಿಡಲು ಒಪ್ಪಲಿಲ್ಲ.

“ಅದಕ್ಕೆ ಸರಕಾರದ ಮುದ್ರೆ ಉಂಟು ಮಾರಾಯ್ರೇ. ಸತ್ತರೆ ಕೇಸು ಆಗ್ತದೆ,” ಎಂದರಂತೆ.

ಪದಕ ಬಿಚ್ಚಿ ಒಯ್ದರೂ ಜನ ಗುರುತು ಹಿಡಿದರು. ಬೇರೆ ಊರಿಗೆ ಒಯ್ದರೂ ಸುದ್ದಿ ಮುಂಚೆಯೇ ಮುಟ್ಟಿರುತ್ತಿತ್ತು. ಹೀಗೆ ಕಾಳಗಕ್ಕೆಂದು ಹುಟ್ಟಿದ ಹುಂಜ ಒಂದು ಕಾಳಗವನ್ನೂ ಕಾಣದೆ ನಮ್ಮ ಜಗಲಿಯಲ್ಲಿ ವರ್ಷಗಟ್ಟಲೆ ಕೂತಿತು. ಮೈ ಬಂತು, ಸಿಟ್ಟು ಇಳಿಯಿತು, ಹೆಂಡತಿಯ ಕೈಯಿಂದ ಅನ್ನ ತಿನ್ನತೊಡಗಿತು. ಹೊತ್ತು ಗೊತ್ತಿಲ್ಲದೆ ಮಧ್ಯಾಹ್ನದ ಮೇಲೆ ಕೂಗುತ್ತಿತ್ತು.

ಒಂದು ಬೆಳಿಗ್ಗೆ ಬುಟ್ಟಿ ಎತ್ತಿದರೆ ಅದು ಕಾಲು ಚಾಚಿ ತಣ್ಣಗಾಗಿತ್ತು. ಮಾವ ಬಹಳ ಹೊತ್ತು ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಅವರ ತಲೆಮಾರಿನಲ್ಲಾಗಲಿ ಅವರ ಮಾವಂದಿರ ತಲೆಮಾರಿನಲ್ಲಾಗಲಿ ವಯಸ್ಸಾಗಿ ಸತ್ತ ಹುಂಜವನ್ನು ನಮ್ಮ ಕುಟುಂಬದಲ್ಲಿ ಯಾರೂ ನೋಡಿರಲಿಲ್ಲ. ಏನು ಮಾಡಬೇಕೆಂಬ ಕ್ರಮವೇ ಇರಲಿಲ್ಲ.

“ತಿನ್ನುವುದಾ, ಹೂಳುವುದಾ?” ಎಂದು ಕೇಳಿದರು.

“ಮೂರು ದಿನ ಕುದಿಸಿದರೂ ಅದು ಬೇಯಲಿಕ್ಕಿಲ್ಲ ಅಪ್ಪಾ,” ಎಂದಳು ಹೆಂಡತಿ.

ತೆಂಗಿನ ಬುಡದಲ್ಲಿ ನಾನು ಗುಂಡಿ ತೆಗೆದೆ. ಪದಕವನ್ನು ಜೊತೆಗೆ ಹಾಕಬೇಕೇ ಬೇಡವೇ ಎಂದು ಮಾವನಿಗೂ ನನಗೂ ಚರ್ಚೆಯಾಗಿ, ಬೇಡವೆಂದು ತೀರ್ಮಾನವಾಯಿತು. ಮಣ್ಣು ಮುಚ್ಚಿದ ಮೇಲೆ ಮಾವ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಬಟ್ಟೆಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ಇದಕ್ಕೆ ಸೂತಕ ಉಂಟಾ ಮಗಳೇ?”

“ಸೂತಕ ಇಲ್ಲ ಅಪ್ಪಾ,” ಎಂದಳು ಅವಳು. “ಬಂಗುಡೆ ಸಾರು ಉಂಟು. ಬಟ್ಟೆ ಬದಲಿಸಿ ಬನ್ನಿ.”